ಹದಿನೈದು ದಿನಗಳ ಹಕ್ಕು

ಫೆಲಿಕ್ಸ್ ಪೊರ್ಬುಗಳೇ, ಆ ದಿನ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಆಡಿದ ಒಂದು ಮಾತನ್ನು ನಾನು ನಿಮಗೆ ಹೇಳಲಿಲ್ಲ. ಮರೆತದ್ದಲ್ಲ — ಬೇಕೆಂದೇ ಬಿಟ್ಟೆ. ನೀವು ಊರಿಗೆ ಮರಳಿದ ಮೇಲೆ ಅಲೆವೂರಿನಿಂದ ಬೆಳ್ಮಣ್ಣಿಗೆ ಎಷ್ಟೋ ಸಲ ಬಂದು ನಿಮ್ಮ ಮನೆಯ ಚಹಾ ಕುಡಿದಿದ್ದೇನೆ, ಬಾಯಿ ಬಿಟ್ಟಿಲ್ಲ.

ಇಂದಿಗೂ ಬ್ರಿಟಿಷರ ಆಳ್ವಿಕೆಯಲ್ಲಿರುವ ಆ ದ್ವೀಪದ ಹೋಟೆಲಿನಲ್ಲಿ ನಾನು ರಿಸೆಪ್ಶನ್‌ನಲ್ಲಿದ್ದೆ, ನೀವು ಅಡುಗೆಮನೆಯಲ್ಲಿ. ಅದಕ್ಕೂ ಮೊದಲು ನೀವು ದುಡಿದ ದೇಶದಲ್ಲಿ ಗ್ಯಾಸ್ ಸಿಡಿದು ಒಬ್ಬ ಸತ್ತಿದ್ದ. ತಪ್ಪು ನಿಮ್ಮದೆಂದು ಹೇಳಿ, ನಿಮ್ಮನ್ನು ಒಪ್ಪಿಸುವಂತೆ ಆ ದೇಶದವರು ಕೇಳಿದರು. ಪೈಪು ಸೋರುತ್ತಿದೆಯೆಂದು ಮಾಲೀಕನಿಗೆ ಮೂರು ಸಲ ಹೇಳಿದ್ದೆ ಎಂದು ನೀವು ನನ್ನೆದುರು ಅತ್ತಿರಿ. ನಾನು ನಂಬಿದೆ. ಈಗಲೂ ನಂಬುತ್ತೇನೆ.

ವಕೀಲರನ್ನಿಡುವ ತಾಕತ್ತು ನಿಮಗಿರಲಿಲ್ಲ. ಇದ್ದದ್ದು ದುಭಾಷಿಯಾದ ನಾನೊಬ್ಬ. ನಿಮ್ಮ ಮನೆಮಾತು ಕೊಂಕಣಿ, ನನ್ನದು ತುಳು. ದಿನವೂ ತುಳುವಿನಲ್ಲೇ ಹರಟುತ್ತಿದ್ದ ನಾವು, ಕೋರ್ಟು ಎಂದ ಕೂಡಲೇ ಊರಿನ ಅಭ್ಯಾಸದಂತೆ ಶಾಲೆಯ ಕನ್ನಡಕ್ಕೆ ತಿರುಗಿದೆವು. ತುಳುವಾಗಿದ್ದರೆ ನೀವು ನೂರು ಪ್ರಶ್ನೆ ಹಾಕುತ್ತಿದ್ದಿರಿ. ಕನ್ನಡದಲ್ಲಿ ನೀವು ಕೈಕಟ್ಟಿ ನಿಲ್ಲುವವರು — ಅದು ನನಗೆ ಗೊತ್ತಿತ್ತು.

ನಿಮ್ಮನ್ನು ಒಪ್ಪಿಸಬಹುದೆಂದು ಆದೇಶಿಸಿದ ಮೇಲೆ ಮ್ಯಾಜಿಸ್ಟ್ರೇಟರು ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು: ಹದಿನೈದು ದಿನ ಇವರನ್ನು ಕಳಿಸುವಂತಿಲ್ಲ, ಅಷ್ಟರೊಳಗೆ ಮೇಲಿನ ಕೋರ್ಟಿಗೆ ಹೋಗುವ ಹಕ್ಕು ಇವರಿಗಿದೆ.

"ಎಂತ ಹೇಳಿದ್ರು?" ಎಂದು ಕೇಳಿದಿರಿ.

"ಹದಿನೈದು ದಿನ ಇಲ್ಲೇ ಇಡ್ತಾರಂತೆ. ಮತ್ತೆ ಕಳಿಸ್ತಾರಂತೆ."

"ಬೇರೆ ಎಂತದೂ ದಾರಿ ಇಲ್ವಾ?"

"ಇಲ್ಲ ಪೊರ್ಬುಗಳೇ."

ಮೇಲ್ಮನವಿ ಎಂದರೆ ದುಭಾಷಿಯಾದ ನನಗೂ ವಾರಗಟ್ಟಲೆ ಅಲೆದಾಟ. ಇನ್ನೊಂದು ದಿನ ರಜೆ ಕೇಳಿದರೆ ಕೆಲಸದ ಪರ್ಮಿಟ್ ನವೀಕರಿಸುವುದಿಲ್ಲ ಎಂದು ಮ್ಯಾನೇಜರು ಮೊದಲೇ ಗದರಿಸಿದ್ದರು. ಹೆದರಿದೆ. ಬೇರೆ ದುಭಾಷಿಯನ್ನು ಕರೆಸಿ ಎನ್ನಬಹುದಿತ್ತು — ಅದು ಹೊಳೆದಿತ್ತು ಕೂಡ. ಹೊಳೆದರೂ... ನನ್ನ ಕೆಲಸ ಉಳಿಯಿತು. ನೀವು ನಾಲ್ಕು ವರ್ಷ ಪರದೇಶದ ಜೈಲಿನಲ್ಲಿ ಕೊಳೆತಿರಿ.

ಈಗ ನಿಮ್ಮ ಮಗಳು ರೀಮಾ ಉಡುಪಿಯಲ್ಲಿ ಕಾನೂನು ಓದುತ್ತಿದ್ದಾಳೆ. ಪತ್ರ ಬರೆದು ಆ ಕೋರ್ಟಿನ ಕಾಗದಗಳನ್ನು ತರಿಸಿಕೊಂಡಿದ್ದಾಳೆ. ಮೇಲ್ಮನವಿಯ ಹಕ್ಕನ್ನು ದುಭಾಷಿಯ ಮೂಲಕ ತಿಳಿಸಲಾಗಿದೆ ಎಂದು ಅದರಲ್ಲಿದೆ. ಕಳೆದ ಭಾನುವಾರ ನನ್ನೆದುರೇ ನಿಮ್ಮನ್ನು ಕೇಳಿದಳು.

"ಹಕ್ಕು ಉಂಟಂತ ಗೊತ್ತಿದ್ದೂ ಯಾಕೆ ಸುಮ್ಮನೆ ಕೂತದ್ದು ಪಪ್ಪಾ? ಹಾಗಾದ್ರೆ ತಪ್ಪು ನಿಮ್ಮದೇ ಅಲ್ವಾ?"

"ನನಗೆ ಯಾರೂ ಹೇಳ್ಲಿಲ್ಲ ಮಗಾ. ಇವರು ಇದ್ರಲ್ಲ ಅಲ್ಲಿ, ಇವರನ್ನೇ ಕೇಳು."

ನನಗೆ ಸರಿಯಾಗಿ ನೆನಪಿಲ್ಲ ಎಂದುಬಿಟ್ಟೆ. ನೀವೇ ಸುಳ್ಳು ಹೇಳುತ್ತಿದ್ದೀರೆಂದುಕೊಂಡು ರೀಮಾ ಚೀಲ ಎತ್ತಿಕೊಂಡು ಹೊರಟೇಹೋದಳು. ಅಂದಿನಿಂದ ಅವಳು ನಿಮ್ಮ ಫೋನು ಎತ್ತುತ್ತಿಲ್ಲವಂತೆ. ಜೈಲಿನ ನಾಲ್ಕು ವರ್ಷ ಸಾಲದೆಂದು ಮಗಳನ್ನೂ ನಿಮ್ಮಿಂದ ಕಿತ್ತುಕೊಂಡೆನಲ್ಲ — ನಾನು ಎಂಥ ಮನುಷ್ಯ!

ಕ್ಷಮೆ ಕೇಳುವ ಮುಖ ನನಗಿಲ್ಲ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ರೀಮಾಳ ಹಾಸ್ಟೆಲಿಗೆ ಹೋಗಿ ಅವಳ ಕೈಗೇ ಕೊಡುತ್ತೇನೆ, ಓದಿ ಮುಗಿಸುವವರೆಗೆ ಎದುರಿಗೆ ನಿಂತಿರುತ್ತೇನೆ. ಆಮೇಲೆ ಇದನ್ನು ಹಿಡಿದು ನಿಮ್ಮ ಬಳಿಗೆ ಬೆಳ್ಮಣ್ಣಿನ ಬಸ್ಸು ಹತ್ತಬೇಕಾದವಳು ಅವಳು. ನಾನಲ್ಲ.