ಗುರುನಾಥ ತೆಗೆಯದೆ ಬಿಟ್ಟ ಫೋಟೊ

ದೊಡವಾಡದಲ್ಲಿ ಹಿಟ್ಟಿನ ಗಿರಣಿ ನಡೆಸುವ ಗುರುನಾಥನಿಗೆ ಫೋಟೊ ತೆಗೆಯುವುದು ಹೊಟ್ಟೆಪಾಡಲ್ಲ. ಧಾರವಾಡದಲ್ಲಿ ಮುಚ್ಚಿಹೋದ ಒಂದು ಸ್ಟುಡಿಯೋದಿಂದ ಹಳೆಯ ಕ್ಯಾಮೆರಾ ಕೊಂಡು ತಂದಿದ್ದ. ಹೋದ ವರ್ಷ ದೀಪಾವಳಿ ಪಾಡ್ಯದ ದಿನ, ವ್ರತ ಹಿಡಿದವರ ಹಾಗೆ ಒಂದು ನೇಮ ಹಿಡಿದ. ಶಿವರಾತ್ರಿಗೆ ಚಳಿ ಹೋಗುವವರೆಗೆ ದಿನಕ್ಕೊಂದು ಮುಖ.

ಗಿರಣಿಗೆ ಕರೆಂಟ್ ಬರುವುದರೊಳಗೆ ಅವನ ಕೆಲಸ ಮುಗಿಯಬೇಕು. ಹೊಲಕ್ಕೆ ಹೋಗುವವರು, ಬಸ್ಸಿಗೆ ಓಡುವವರು ಆ ಹೊತ್ತಿನಲ್ಲಿ ನಿಲ್ಲುವುದಿಲ್ಲ. ಗುಡಿಯ ಕಟ್ಟೆಯ ಮೇಲೆ ಕೌದಿ ಹೊದ್ದು ಎಳೆ ಬಿಸಿಲು ಕಾಯಿಸುವ ಮುದುಕರು ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಅವನ ಫೋಟೊಗಳಲ್ಲಿ ಅವರೇ ಹೆಚ್ಚು. ತೆಗೆದದ್ದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ಪುಣೆಗೆ ದುಡಿಯಲು ಹೋದ ಮಕ್ಕಳು ಅಪ್ಪನ ಮುಖ ಕಂಡು ಅಂದೇ ಫೋನ್ ಮಾಡುತ್ತಿದ್ದರು. ಕಟ್ಟೆಯ ಮೇಲಿನವರು ಗುರುನಾಥನನ್ನು ಕಂಡರೆ ಸರಿದು ಜಾಗ ಕೊಡತೊಡಗಿದರು. ಮುನವಳ್ಳಿಯಿಂದ ಮನೆಅಳಿಯನಾಗಿ ಬಂದು, ಇಷ್ಟು ವರ್ಷವಾದರೂ ‘ರೇಣೂನ ಗಂಡ’ ಎಂದೇ ಕರೆಸಿಕೊಳ್ಳುತ್ತಿದ್ದವನಿಗೆ ಆ ಜಾಗ ಸಣ್ಣದಲ್ಲ. ಈಗ ಅವನು ಗುರಪ್ಪನಾಗಿದ್ದ.

ಕಾರ್ತಿಕ ಮುಗಿಯುವಾಗ ಕಟ್ಟೆಯ ಮುದುಕರಲ್ಲೊಬ್ಬನಾದ ಮಡಿವಾಳೆಪ್ಪ ತೀರಿಕೊಂಡ. ಅವನ ಕೆಮ್ಮು ಬಹಳ ದಿನದ್ದು. ಮಗ ಗುರುನಾಥನ ಫೋಟೊವನ್ನೇ ದೊಡ್ಡದು ಮಾಡಿಸಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿದ. “ಮಾತಾಡೂಹಂಗ ಅದಾನ ನೋಡು” ಎಂದು ಜನ ಹೊಗಳಿದರು. ವಾರದಲ್ಲಿ ಮುದುಕಿ ಬಾಯವ್ವ ಹೋದಳು, ಅವಳ ಹಿಂದೆ ಇನ್ನೊಬ್ಬ ಮುದುಕ. ಮೂರು ಫ್ಲೆಕ್ಸುಗಳು ಬಸ್ ನಿಲ್ಲುವಲ್ಲಿ ಸಾಲಾಗಿ ನಿಂತವು, ಮೂರೂ ಗುರುನಾಥ ತೆಗೆದ ಮುಖಗಳು. ಚಳಿಯಲ್ಲಿ ವಯಸ್ಸಾದವರು ಹೋಗುವುದು ಹೊಸದಲ್ಲ. ಮೇಲೆ ಕರೆಸಿಕೊಳ್ಳುವವನು ಕ್ಯಾಮೆರಾ ನೋಡಿ ಕರೆಸಿಕೊಳ್ಳುವುದೂ ಇಲ್ಲ. ಆದರೆ ಊರಿನ ಬಾಯಿಗೆ ಬಾಗಿಲಿಲ್ಲ.

ಮೊದಲು ಶುರು ಮಾಡಿದವನು ಕಟ್ಟೆಯ ಮಾತುಗಾರ ಶಂಕ್ರೆಪ್ಪ.

“ಏ ಗುರಪ್ಪಾ, ಅಲ್ಲೇ ನಿಂದರಪಾ! ನನ್ನ ಮೊಮ್ಮಗಳ ಮದುವಿ ಇನ್ನೂ ಆಗಿಲ್ಲ.”

“ಕಾಕಾ, ಇದು ಕ್ಯಾಮೆರಾ. ಬಂದೂಕಲ್ಲ.”

“ಬಂದೂಕಿಂದು ಒಮ್ಮೊಮ್ಮಿ ಗುರಿ ತಪ್ಪತೈತಿ ತಮ್ಮಾ. ನಿಂದು ತಪ್ಪಿದ್ದ ಇಲ್ಲ.”

ಎಲ್ಲರೂ ನಕ್ಕರು. ಗುರುನಾಥನೂ ನಕ್ಕ. ಮರುದಿನ ಅವನು ಬರುವುದನ್ನು ಕಂಡು ಇಬ್ಬರು ಚಾದರ ಮುಖಕ್ಕೆ ಎಳೆದುಕೊಂಡರು. ಆಮೇಲೆ ಅವನಿಗೆ ಸಿಕ್ಕಿದ್ದು ಎಮ್ಮೆ, ಇಬ್ಬನಿ ಹಿಡಿದ ಜೋಳದ ತೆನೆ, ಖಾಲಿ ಕಟ್ಟೆ. ನಾನು ಜೋಳ ಬೀಸಿಸಲು ಹೋದಾಗ ಅವನ ಹೆಂಡತಿ ರೇಣು ಹೇಳಿದಳು: “ಅಕ್ಕಾರ, ದನದ ಫೋಟೊ ತಗೊಂಡು ಬಂದು ಉಣ್ಣಾಕ ಕುಂತರ ಇವರಿಗೆ ತುತ್ತ ಇಳಿವಲ್ದು.”

ಎಳ್ಳಮಾವಾಸ್ಯೆ ಆದ ಮೇಲೆ ಹಿಂದಿನ ಓಣಿಯ ರಾಣಿ ಗಿರಣಿಗೆ ಬಂದು ತಾನಾಗಿಯೇ ಕರೆದಳು.

“ಅಣ್ಣಾರ, ನಮ್ಮ ಅತ್ತಿದೊಂದ ಫೋಟೊ ತಗೀಬೇಕ್ರಿ. ನಾಳೆನ ಬರ್ರಿ. ತಪ್ಪಸಬ್ಯಾಡ್ರಿ ಮತ್ತ.”

ಅವನಿಗೆ ಹೋದ ಜೀವ ಬಂದಂತಾಯಿತು. ಒಂದು ಮನೆಯಾದರೂ ಬಾಗಿಲು ತೆರೆಯಿತಲ್ಲ ಎಂದು ರಾತ್ರಿಯೇ ಲೆನ್ಸ್ ಒರೆಸಿಟ್ಟ.

ರಾಣಿಯ ಅತ್ತೆ ಶಟ್ಟೆವ್ವ ಸೊಂಟದ ಎಲುಬು ಮುರಿದುಕೊಂಡು ಎರಡು ವರ್ಷದಿಂದ ಒಳಕೋಣೆಯಲ್ಲೇ ಇದ್ದವಳು. ಆ ದಿನ ಅವಳಿಗೆ ಬಿಸಿನೀರು ಎರೆದು, ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಡಿಸಿ, ತಲೆ ಬಾಚಿ ಅಂಗಳದ ಬಿಸಿಲಿನಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ಮುದುಕಿ ಬಿಸಿಲಿಗೆ ಮುಖ ಕೊಟ್ಟು ಕಣ್ಣು ಮುಚ್ಚಿಕೊಂಡಿದ್ದಳು.

“ಬಾರೋ ಗುರಪ್ಪಾ. ಮದುವ್ಯಾಗೂ ನಂದೊಂದ ಫೋಟೊ ತಗದಿಲ್ಲ ನೋಡು. ಛಲೋ ತಗಿ.”

“ನೀವು ಸುಮ್ನ ಕುಂತ್ರ ಸಾಕ್ರಿ ಆಯಿ, ಛಲೋನ ಬರತೈತಿ.”

ಅವನು ಮಂಡಿಯೂರಿ ಕ್ಯಾಮೆರಾ ಕಣ್ಣಿಗಿಟ್ಟ. ಬೆನ್ನ ಹಿಂದಿನಿಂದ ರಾಣಿ ತಗ್ಗಿದ ದನಿಯಲ್ಲಿ ಹೇಳಿದಳು: “ಮಾರಿ ಅಷ್ಟ ಬರಲಿ ಅಣ್ಣಾರ. ಆಮ್ಯಾಲ ದೊಡ್ಡದ ಮಾಡಸಬೇಕಾಗತೈತಿ. ನಿಮ್ಮ ಕೈಗುಣಾ ಊರಿಗೇ ಗೊತ್ತೈತಿ.”

ತನ್ನನ್ನು ಯಾಕೆ ಕರೆಸಿದ್ದಾರೆ ಎಂಬುದು ಆಗ ಅವನಿಗೆ ತಿಳಿಯಿತು. ಬೆರಳು ಒತ್ತಲಿಲ್ಲ.

“ಬ್ಯಾಟ್ರಿ ಮುಗದೈತ್ರಿ ಆಯಿ” ಎಂದು ಎದ್ದು ನಿಂತ.

ಶಟ್ಟೆವ್ವ ಅವನನ್ನೇ ನೋಡಿದಳು. ಅವಳ ಕಿವಿ ಚುರುಕಾಗಿಯೇ ಇತ್ತು.

“ಬ್ಯಾಟ್ರಿ ಮುಗದಿಲ್ಲ. ಅಕಿ ಅಂದದ್ದು ನನಗೂ ಕೇಳಸೈತಿ. ನನ್ನ ಹೊಲಸ ಬಳದು ಬಳದು ಅಕಿಗೆ ಸಾಕಾಗೈತಿ, ಏನರ ನಂಬತಾಳ. ನೀ ಯಾಕ ನಂಬಿದಿ?”

“ನಾ ನಂಬಿಲ್ರಿ ಆಯಿ.”

“ಹಂಗಾದರ ತಗಿ.”

ಅವನು ಕ್ಯಾಮೆರಾ ಎತ್ತಿದ. ಮುದುಕಿ ಸೆರಗು ಸರಿಮಾಡಿಕೊಂಡು ಗದ್ದ ಮೇಲಕ್ಕೆತ್ತಿದಳು. ಅವಳ ಮುಖದ ಮೇಲೆ ಬೆಳಕು ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ ಆ ಚಳಿಗಾಲದಲ್ಲಿ ಅಂಥದ್ದು ಮತ್ತೆ ಕಾಣಲಿಲ್ಲ ಎಂದು ಅವನೇ ನನ್ನ ಮುಂದೆ ಹೇಳಿದ. ಆದರೂ ಒತ್ತಲಾಗದೆ ಕೈ ಇಳಿಸಿದ.

“ರಾಣೀ, ನನ್ನ ಒಳಗ ಒಯ್ಯಿ. ಸೀರಿ ಬಿಚ್ಚಿ ಮಡಚಿ ಇಡು, ಹೊಲಸಾಗತೈತಿ” ಎಂದಳು ಶಟ್ಟೆವ್ವ. ಅವನ ಕಡೆ ಮತ್ತೆ ನೋಡಲಿಲ್ಲ.

ಸಂಜೆಯೊಳಗೆ ನಳದ ಹತ್ತಿರದಿಂದ ಈ ಮಾತು ಮುಟ್ಟದ ಮನೆಯಿರಲಿಲ್ಲ. ಯಾಕೆ ಕರೆಸಿದ್ದಳು ಎಂಬುದನ್ನು ರಾಣಿ ಹೇಳಲಿಲ್ಲ. “ತಗೀಲಾಕ ಅಂವನ ಹೆದರಿ ಓಡಿಹೋದ” ಎಂದಷ್ಟೇ ಹೇಳಿದಳು. ಅಲ್ಲಿಯವರೆಗೆ ಚೇಷ್ಟೆಯಾಗಿದ್ದದ್ದಕ್ಕೆ ಈಗ ಅವನೇ ಸಾಕ್ಷಿ ಹೇಳಿದಂತಾಯಿತು. ಶಂಕ್ರೆಪ್ಪ ಕೂಡ ಚೇಷ್ಟೆ ಬಿಟ್ಟ. ಗುರುನಾಥನನ್ನು ಕಂಡರೆ ಎದ್ದು ಹೋಗತೊಡಗಿದ. ಶಟ್ಟೆವ್ವ ಇನ್ನೂ ಇದ್ದಾಳೆ, ಅದೇ ಒಳಕೋಣೆಯಲ್ಲಿ. ಅವಳು ಬದುಕಿರುವುದೂ ಅವನ ಮೇಲೆಯೇ ಬಂತು: “ತಗೀಲಿಲ್ಲ, ಅದಕ್ಕ ಉಳದಾಳ.”

ಸಂಕ್ರಾಂತಿಗೆ ಗುರುನಾಥ, ರೇಣು ಅವರ ಮಗಳು ಸ್ನೇಹಲ್‌ಗೆ ಮೂರು ವರ್ಷ ತುಂಬಿತ್ತು. ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ಬಾರೆಹಣ್ಣು, ಕಬ್ಬಿನ ತುಂಡು ಸುರಿದು ಆರತಿ ಮಾಡಲು ಓಣಿಯ ಹೆಂಗಸರನ್ನು ಕರೆದಿದ್ದರು. ಗುರುನಾಥ ತಾನೇ ಕಿಟಕಿಯ ಪರದೆ ಸರಿಸಿದ, ಮಣೆಯನ್ನು ಬೆಳಕಿಗೆ ತಿರುಗಿಸಿದ. ಮಗಳ ಹಣೆಯ ಕೂದಲು ಸರಿಸಿದ. ಕ್ಯಾಮೆರಾ ತೆಗೆದ. ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬರೂ ಬೇಡ ಅನ್ನಲಿಲ್ಲ.

ಅವನು ಕ್ಯಾಮೆರಾವನ್ನು ರೇಣುವಿನ ಕೈಗಿಟ್ಟ.

“ನೀನ ತಗಿ.”

“ನನಗೆಲ್ಲಿ ಬರತೈತ್ರಿ? ಮಗಳ ಫೋಟೊ ಅಪ್ಪ ತಗೀಲಾರದ ಮತ್ತ್ಯಾರ ತಗೀಬೇಕು?”

“ಇದನ್ನೊತ್ತು, ಬರತೈತಿ” ಎಂದು ಹೇಳಿ ಅವನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.