ಒಟಿಲಿಯಾ ಅಳಿಸಿಹಾಕಿಸಿದ ಸುದ್ದಿ

ಗಲೀಸಿಯದ ಈ ಕೊಲ್ಲಿಯಲ್ಲಿ ಇಳಿತದ ಹೊತ್ತಿಗೆ ಮರಳು ಕೆದಕಿ ಚಿಪ್ಪು ಆಯುವ ಹೆಂಗಸರು ಊರವರ ಮಾನವನ್ನೆಲ್ಲ ಹರಾಜು ಹಾಕುವವರು. ಒಟಿಲಿಯಾಳ ಎದುರು ಮಾತ್ರ ‘ಮಂಜು’ ಎಂಬ ಮಾತನ್ನೂ ಆಡುತ್ತಿರಲಿಲ್ಲ. ಆಡಿದರೆ ಅವಳು ಬುಟ್ಟಿ ಎತ್ತಿಕೊಂಡು ಮನೆಗೆ ನಡೆಯುತ್ತಿದ್ದಳು. ಇಪ್ಪತ್ನಾಲ್ಕು ವರ್ಷದ ಹಿಂದೆ ಮಂಜು ಕವಿದ ಒಂದು ಬೆಳಗ್ಗೆ ಅವಳ ಆರು ವರ್ಷದ ಮಗಳು ಎಲೊಯ್ಸಾ ಬಂಡೆಯ ಮೇಲಿಂದ ಉಬ್ಬರದ ಪಾಲಾದಳು. ದೇಹವೂ ಸಿಗಲಿಲ್ಲ. ಒಂದು ದಿನವೂ ಕೆಸರಿಗೆ ಕಾಲಿಡದ ಪತ್ರಿಕೆಯವನೊಬ್ಬ ‘ಚಿಪ್ಪಿನ ಆಸೆಗೆ ಮಗಳನ್ನೇ ಮರೆತ ತಾಯಿ’ ಎಂದು ಬರೆದ.

ಪತ್ರಿಕೆ ರದ್ದಿಗೆ ಹೋಯಿತು, ಸುದ್ದಿ ಅಂತರ್ಜಾಲದಲ್ಲಿ ಕೂತುಬಿಟ್ಟಿತು. ಒಟಿಲಿಯಾಳ ಹೆಸರು ಹಾಕಿ ಹುಡುಕಿದರೆ ಮೊದಲು ಬರುವುದು ಅದೇ. ಈ ಬೇಸಿಗೆಗೆ ಮಗನ ಎಂಟು ವರ್ಷದ ಮಗಳು ಶಿಯಾನಾ ಮೊದಲ ಸಲ ಬರುವವಳಿದ್ದಳು. ಕೈಗೆ ಫೋನು ಸಿಕ್ಕರೆ ಜಗತ್ತನ್ನೇ ತಡಕುವ ಹುಡುಗಿ. ತನಗೊಬ್ಬ ಅತ್ತೆ ಇದ್ದಳೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಮೊಮ್ಮಗಳ ಕಣ್ಣಿಗೆ ತಾನು ಆ ತಲೆಬರಹದ ತಾಯಿಯಾಗಿ ಕಾಣಬಾರದು, ಒಟಿಲಿಯಾಳಿಗೆ ಬೇಕಾದದ್ದು ಅಷ್ಟೇ. ಮೀನುಗಾರರ ಸಂಘದ ಗುಮಾಸ್ತೆಯನ್ನು ಕಾಡಿಬೇಡಿ, ಅಂತರ್ಜಾಲದಲ್ಲಿ ಹುಡುಕಿಕೊಡುವ ಕಂಪನಿಗೆ ಆ ಸುದ್ದಿ ಅಳಿಸಿ ಎಂದು ಅರ್ಜಿ ಬರೆಸಿದಳು. ಜುಲೈಯಲ್ಲಿ ಉತ್ತರ ಬಂತು: ನಿಮ್ಮ ಹೆಸರಿನಡಿ ಆ ಸುದ್ದಿ ಇನ್ನು ಕಾಣುವುದಿಲ್ಲ.

ಆ ಕಾಗದದ ಧೈರ್ಯದಲ್ಲಿ, ಊರಿಗೆ ಬಂದ ಮೊಮ್ಮಗಳ ಹಟಕ್ಕೆ ಸೋತು, ಇಷ್ಟು ವರ್ಷ ತಪ್ಪಿಸಿಕೊಂಡಿದ್ದ, ಕಡಲಿಗಿಳಿಯುವವರನ್ನು ಕಾಯುವ ಕಾರ್ಮೆನ್ ಮಾತೆಯ ಹಬ್ಬದ ದೋಣಿ ಹತ್ತಿದಳು. ಕೊಲ್ಲಿಯ ನಡುವೆ ದೋಣಿಗಳು ನಿಂತವು. ಪಾದ್ರಿ ಕಡಲು ನುಂಗಿದವರ ಹೆಸರು ಓದತೊಡಗಿದರು. ಒಂದೊಂದು ಹೆಸರಿಗೂ ನೀರಿಗೊಂದು ಹೂವು.

“ಎಲೊಯ್ಸಾ ಲೊರೀದೊ ಪಾಸೋಸ್.”

ಒಟಿಲಿಯಾಳ ಜೊತೆ ಚಿಪ್ಪು ಆಯುವ ಡೊಸಿಂದಾ ಬಿಳಿ ಹೂವೊಂದನ್ನು ನೀರಿಗೆ ಹಾಕಿದಳು. ಒಟಿಲಿಯಾ ಕಂಪನಿಗೆ ಅರ್ಜಿ ಹಾಕಿದ್ದಳು, ಪಾದ್ರಿಯ ಪಟ್ಟಿ ಅವಳ ತಲೆಗೇ ಹೊಳೆದಿರಲಿಲ್ಲ.

“ಅಜ್ಜಿ,” ಶಿಯಾನಾ ತೋಳು ಎಳೆದಳು. “ಲೊರೀದೊ ತಾತಂದು, ಪಾಸೋಸ್ ನಿಂದು. ಎರಡೂ ಇರೋದು ನಮ್ಮಪ್ಪಂಗೆ ಮಾತ್ರ ಅಲ್ವಾ? ಇವಳ್ಯಾರು?”

ಅಪ್ಪನದೊಂದು, ಅಮ್ಮನದೊಂದು ಮನೆತನದ ಹೆಸರು ಹೊತ್ತು ತಿರುಗುವ ಊರಲ್ಲಿ ಯಾರನ್ನು ಬಚ್ಚಿಡಲಿಕ್ಕಾಗುತ್ತದೆ? ಒಟಿಲಿಯಾ ಡೊಸಿಂದಾಳ ಕಡೆ ತಿರುಗಿದಳು. “ಪ್ರತಿ ವರ್ಷ ನೀನೇ ಹಾಕ್ತಿದ್ಯೇನೇ?”

“ಮತ್ಯಾರು ಹಾಕ್ತಾರೆ? ನೀನು ಬಾಗಿಲು ಹಾಕ್ಕೊಂಡು ಕೂತಿರ್ತಿದ್ದೆ. ನಿನ್ನ ಹತ್ರ ಆ ಮಗು ಹೆಸರೆತ್ತೋಕೆ ನಮಗೆಲ್ಲಿ ಧೈರ್ಯ? ಇಲ್ಲಾದ್ರೂ ಕೂಗ್ಕೊಳ್ತಿದ್ವಿ.”

ಊರೆಲ್ಲ ತನ್ನ ಮಗಳನ್ನು ನೆನೆಯುವಾಗ ತಾನೊಬ್ಬಳೇ ಕಿವಿ ಮುಚ್ಚಿಕೊಂಡಿದ್ದೆನಲ್ಲ ಅನ್ನಿಸಿ ಒಟಿಲಿಯಾ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು.

“ನನ್ನ ಮಗಳು ಕಣೆ, ನಿನ್ನ ಅತ್ತೆ. ಬಂಡೆ ಮೇಲೆ ಕೂರ್ಸಿದ್ದೆ. ಮಂಜು ಬಂತು, ಬಂಡೆ ಯಾವ ಕಡೆ ಅಂತಾನೇ ಗೊತ್ತಾಗ್ಲಿಲ್ಲ. ನಾನು ಕೂಗ್ದೆ, ಅವಳೂ ಕೂಗ್ತಿದ್ಲು. ಆಮೇಲೆ ನಾನೊಬ್ಳೇ ಕೂಗ್ತಿದ್ದೆ.”

ಶಿಯಾನಾ ಅಜ್ಜಿಯ ಬೆರಳು ಹಿಡಿದುಕೊಂಡಳು. ‘ಯಾಕೆ ಬಿಟ್ಟುಹೋದೆ’ ಎಂದು ಕೇಳುತ್ತಾಳೆಂದು ಒಟಿಲಿಯಾ ಕಾದಳು.

“ಅವಳು ಜಾಣೇನಾ, ತುಂಟೀನಾ?”

ಇಪ್ಪತ್ನಾಲ್ಕು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

“ತುಂಟಿ,” ಎಂದಳು ಒಟಿಲಿಯಾ. “ಮೀನಿನ ಕಡುಬಿನ ಅಂಚಷ್ಟೇ ತಿಂದು ಹೂರಣ ನನ್ನ ತಟ್ಟೆಗೆ ಹಾಕೋಳು. ಒಂದ್ಸಲ ಪಾದ್ರಿ ಟೋಪಿ ಒಳಗೆ ಏಡಿ ಬಿಟ್ಟಿದ್ಲು...”

ದೋಣಿ ದಡ ಮುಟ್ಟಿ ಜನರೆಲ್ಲ ಇಳಿದು ಹೋದರೂ ಅವಳ ಮಾತು ಮುಗಿದಿರಲಿಲ್ಲ.