ಇಸಾಕಸಾಬ ಬಾಯಿ ಬಿಟ್ಟ ದಿನ

ರಾಣೇಬೆನ್ನೂರಿನ ನಮ್ಮ ಓಣಿಯಲ್ಲಿ ಯಾರ ಹಾಸಿಗೆಯೊಳಗೆ ಏನಿದೆ ಎಂಬುದು ಗೊತ್ತಿದ್ದವನು ಒಬ್ಬನೇ, ಪಿಂಜಾರ ಇಸಾಕಸಾಬ. ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಬಿಲ್ಲಿನ ತಂತಿಯಿಂದ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವುದು ಅವನ ಕೆಲಸ. ಸೊಸೆಯಂದಿರು ಬಚ್ಚಿಟ್ಟ ಕಾಗದ, ಮದುವೆ ವಯಸ್ಸಿಗೆ ಬಂದ ಗಂಡುಹುಡುಗರು ಉಚ್ಚೆ ಹೊಯ್ದ ಕಲೆ, ಇವೆಲ್ಲಕ್ಕಿಂತ ಹೆಚ್ಚಾಗಿ ಹೊಲಿಗೆಯ ಸಂದಿಯಲ್ಲಿ ರಕ್ತ ಕುಡಿದು ಕೂತ ತಗಣಿ, ಎಲ್ಲವೂ ಅವನ ಕಣ್ಣಿಗೆ ಬೀಳುತ್ತಿದ್ದವು. ನೋಡಿ ಸುಮ್ಮನಿರುತ್ತಿದ್ದ. ಒಂದು ಮನೆಯ ಗಾದಿಯ ಸುದ್ದಿಯನ್ನು ಇನ್ನೊಂದು ಮನೆಯಲ್ಲಿ ಆಡಬಾರದು ಎಂದು ಅವನ ಅಪ್ಪ ಬುಡನಸಾಬ ಬಿಲ್ಲು ಕೈಗೆ ಕೊಡುವಾಗಲೇ ಆಣೆ ಹಾಕಿಸಿಕೊಂಡಿದ್ದನಂತೆ.

ತಗಣಿ ಕಂಡರೆ ಆ ಮನೆಯ ಹೆಂಗಸನ್ನು ಮಾತ್ರ ಹಿತ್ತಲಿಗೆ ಕರೆದು ಮೆಲ್ಲಗೆ ಹೇಳುತ್ತಿದ್ದ. "ಹೊರಸಿನ ನವಾರ ಪೂರಾ ಬಿಚ್ಚಿ ಸೋಡಾ ಹಾಕಿ ಕುದಸ್ರಿ. ಕಾಲಿನ ಸಂದಿಗೆ ಕುದಿಯೋ ನೀರ ಸುರೀರಿ. ಹೊರಸು ಗ್ವಾಡಿಗೆ ಹತ್ತದಂಗ ಇಡ್ರಿ. ಹದಿನೈದ ದಿನ ಬಿಟ್ಟು ಮತ್ತ ಇಷ್ಟೂ ಮಾಡ್ರಿ, ಅಷ್ಟೊತ್ತಿಗೆ ತತ್ತಿ ಒಡದು ಮರಿ ಬಂದಿರ್ತಾವು." ಮೊದಲ ಸಲ ಎಲ್ಲರೂ ಮಾಡುತ್ತಿದ್ದರು. ಎರಡನೆಯ ಸಲ ಯಾರೂ ಮಾಡುತ್ತಿರಲಿಲ್ಲ. ಆಮೇಲೆ ಪಿಂಜಾರನ ಮಾತಿನಲ್ಲಿ ಹುರುಳಿಲ್ಲ ಎನ್ನಲು ಮಾತ್ರ ಎಲ್ಲರೂ ಮುಂದೆ.

ನನ್ನ ತಾಯಿ ಗೋದೂಬಾಯಿಯಂತೂ ತಗಣಿ ಎಂಬ ಶಬ್ದವನ್ನೇ ಬಾಯಲ್ಲಿ ಆಡುತ್ತಿರಲಿಲ್ಲ. ಮೈಮೇಲೆ ಸಾಲಾಗಿ ದದ್ದು ಎದ್ದರೆ ಅದು ಬೆವರುಸಾಲೆ. ಚಾದರದ ಮೇಲೆ ರಕ್ತದ ಚುಕ್ಕೆ ಕಂಡರೆ ಅದು ಕುಂಕುಮ. ನನ್ನ ಅಪ್ಪ ವಕೀಲ ರಘೋತ್ತಮರಾಯರ ಮನೆಯಲ್ಲಿ ತಗಣಿ ಎಂದರೆ ಏನು ಮಾತು!

೧೯೮೮ರ ಮಾರ್ಚಿನಲ್ಲಿ ನಾನು ಆ ಮನೆಯಲ್ಲಿ ಬಾಣಂತಿ. ಮಗಳಿಗೆ ಮೂರನೆಯ ತಿಂಗಳು ನಡೆದಿತ್ತು. ಹಾವೇರಿಯಿಂದ ಅತ್ತೆ ಮಾವ ಬಂದು ನಮ್ಮಿಬ್ಬರನ್ನು ಕರೆದೊಯ್ಯುವವರಿದ್ದರು. ನಮ್ಮಲ್ಲಿ ಕೂಸಿನ ಜೊತೆ ತವರಿನಿಂದ ಒಂದು ಗಾದಿಯೂ ಹೋಗಬೇಕು. ನಾನು ಮಲಗುತ್ತಿದ್ದ ಹೊರಸಿನ ಮೇಲೆ ಎರಡು ಗಾದಿ ಇದ್ದವು, ಕೆಳಗೆ ದಪ್ಪನೆಯದು, ಮೇಲೆ ತೆಳ್ಳನೆಯದು. ದಪ್ಪನೆಯದನ್ನು ಹಿಂಜಿಸಿ ಕಳಿಸುವುದೆಂದು ಅವ್ವ ಮೊದಲೇ ಹೇಳಿಬಿಟ್ಟಿದ್ದಳು. ಅದರ ಹೊಲಿಗೆಯ ತುಂಬ ತಗಣಿ. ಬೀಗರ ಮನೆಗೆ ಗಾದಿಯ ಜೊತೆ ಅವೂ ಹೋದರೆ ಗತಿಯೇನು ಎಂದು ಅವಳಿಗೆ ಊಟ ಸೇರದಾಯಿತು.

ಇಸಾಕಸಾಬನ ಉಪಾಯಕ್ಕೆ ಹದಿನೈದು ದಿನ ಬೇಕು. ಬೀಗರು ಬರಲು ಎರಡೇ ದಿನ ಉಳಿದಿತ್ತು. ಕುಪ್ಪೇಲೂರಿನಲ್ಲಿ ನಮ್ಮ ಹೊಲ ಮಾಡುತ್ತಿದ್ದ ಅಂದಾನೆಪ್ಪನಿಗೆ, ಹಿತ್ತಲ ಬದನೆ ಗಿಡಕ್ಕೆ ಹುಳ ಬಿದ್ದಿವೆ ಎಂದು ಸುಳ್ಳು ಹೇಳಿ, ಹತ್ತಿಗೆ ಹೊಡೆಯುವ ಎಣ್ಣೆಯನ್ನು ಅರ್ಧ ಬಾಟಲಿ ತರಿಸಿದಳು. ಎಣ್ಣೆ ಎಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷ. ನೀರು ಬೆರೆಸಿ ಹೊರಸಿನ ಸಂದಿಗೆ ಸುರಿದಳು, ಎರಡೂ ಗಾದಿಯ ಅಂಚಿಗೆ ಚಿಂದಿಯಿಂದ ಹಚ್ಚಿದಳು.

"ವಾಸನಿ ಬರ್ತದಲ್ಲ ಅವ್ವಾ," ಅಂದೆ.

"ಬಿಸಲಿಗೆ ಹಾಕಿದ್ರ ಹೋಗ್ತದ. ನಿಮ್ಮ ಅತ್ತೀ ಮುಂದ ಬಾಯಿ ಬಿಟ್ಟೀ, ನೋಡ ಮತ್ತ!"

ನಾನು ಬಾಯಿ ಬಿಡಲಿಲ್ಲ. ಬಿ.ಎ. ಓದಿದ ಹೆಂಗಸು ನಾನು, ಕಣ್ಣಾರೆ ಕಂಡೂ ಸುಮ್ಮನಿದ್ದೆ. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುದಿನವೆಲ್ಲ ಗಾದಿಗಳು ಬಿಸಿಲಲ್ಲಿ ಬಿದ್ದಿದ್ದವು. ಆ ಎರಡೂ ರಾತ್ರಿ ನಾನೂ ಮಗಳೂ ಚಾಪೆಯ ಮೇಲೆ ಮಲಗಿದೆವು. ಅದರ ಮರುದಿನ ಹತ್ತು ಗಂಟೆಯ ಬಸ್ಸಿಗೆ ಅತ್ತೆ ಮತ್ತು ಮಾವ ಅಣ್ಣಾಜಿರಾಯರು ಬಂದಿಳಿದರು. ಪಡಸಾಲೆಯಲ್ಲಿ ಅಪ್ಪ, ಅವ್ವ, ಬೀಗರು, ಚಹಾ, ಅವಲಕ್ಕಿ, ನಗು. ಮಗಳನ್ನು ಕೊಬ್ಬರಿ ಎಣ್ಣೆ ತಿಕ್ಕಿ ಎರೆದು ಒಳಕೋಣೆಯ ಹೊರಸಿನ ಮೇಲೆ, ಆ ತೆಳ್ಳನೆಯ ಗಾದಿಯಲ್ಲಿ ಬೋರಲು ಮಲಗಿಸಿದ್ದೆ. ಹೊರಗಿನ ಕಟ್ಟೆಯ ಮೇಲೆ ಇಸಾಕಸಾಬ ದಪ್ಪ ಗಾದಿ ಮುಂದಿಟ್ಟುಕೊಂಡು ಕೂತ. ಬಾಗಿಲಿನಿಂದ ಅವನ ಬೆನ್ನು ಕಾಣುತ್ತಿತ್ತು. ಹೊಲಿಗೆ ಬಿಚ್ಚಿದ, ಬಿಲ್ಲು ತೂಗಿದ, ಟಂಯ್ ಟಂಯ್ ಎಂದು ನಾಲ್ಕು ಏಟು ಹಾಕಿದ. ಸದ್ದು ನಿಂತಿತು.

ಹಿಡಿಯಷ್ಟು ಹತ್ತಿ ಎತ್ತಿ ಮೂಸಿದ. ಎದ್ದು ಬಂದು ಬಾಗಿಲಲ್ಲಿ ನಿಂತು, ಅವ್ವನಿಗೆ ಹಿತ್ತಲ ಕಡೆ ಕಣ್ಸನ್ನೆ ಮಾಡಿದ.

ಅವ್ವ ನೋಡಿಯೂ ನೋಡದಂತೆ ಇದ್ದಳು.

"ಬಾಯಾರ, ಇದರ ಜೋಡಿ ಇನ್ನೊಂದು ಗಾದಿ ಇತ್ತಲ್ರಿ, ಅದೆಲ್ಲೈತಿ?"

"ನಿನಗ್ಯಾಕ ಅದು? ನಿನ್ನ ಕೆಲಸಾ ನೀ ನೋಡು."

ಅತ್ತೆ ಬಟ್ಟಲು ಕೆಳಗಿಟ್ಟು ಅವ್ವನ ಮುಖ ನೋಡಿದರು. ಇಸಾಕಸಾಬ ಹೊಸ್ತಿಲು ಬಿಟ್ಟು ಕದಲಲಿಲ್ಲ. ತನ್ನ ಅಪ್ಪನಿಗೆ ಕೊಟ್ಟ ಆಣೆ ನೆನಪಾಯಿತೋ ಏನೋ. ಆಮೇಲೆ ನನ್ನ ಅಪ್ಪನ ಕಡೆ ತಿರುಗಿ ಒಮ್ಮೆಲೇ ಚೀರಿದ.

"ರಾಯರ, ಗಾದೀಗೆ ಹತ್ತಿ ಎಣ್ಣಿ ಹಚ್ಚ್ಯಾರ್ರಿ! ಅರಳ್ಯಾಗ ತಗಣಿ ಸತ್ತ ಬಿದ್ದಾವು! ಕೂಸು ಎಲ್ಲಿ ಮಲಗೇತಿ?"

ಅವ್ವ ಕೆಂಪಗಾಗಿ ಎದ್ದಳು. "ನಮ್ಮನ್ಯಾಗ ತಗಣಿ? ಓಣಿಯ ಗಾದಿ ಎಲ್ಲಾ ಹೊತ್ತು ತಿರಗಾಂವ ನೀನು. ನಿನ್ನ ಚೀಲದಾಗಿನ ತಗಣಿ ನಮ್ಮ ಮ್ಯಾಲ ಹಾಕ್ತೀಯೇನು?"

"ಹೊರಗ ನಡಿ," ಎಂದು ಅಪ್ಪ ಅವನ ರಟ್ಟೆ ಹಿಡಿದರು.

"ನನಗ ಏನ ಬೇಕಾದ್ದ ಅನ್ರಿ. ಮೊದಲ ಕೂಸ ಎತ್ತರಿ!"

ನಾನು ಓಡಿದೆ. ಮಗಳ ಬಾಯಿಂದ ಜೊಲ್ಲು ಸುರಿದು ಗಾದಿ ತೊಯ್ದಿತ್ತು. ಮೈಯೆಲ್ಲ ಬೆವರು. ಎತ್ತಿದರೆ ಕತ್ತು ಜೋತುಬಿತ್ತು, ಕಾಲು ಮಾತ್ರ ಅದುರುತ್ತಿತ್ತು. ರೆಪ್ಪೆ ಬಿಡಿಸಿ ನೋಡಿದೆ. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ನಾನು ಏನೆಂದು ಕಿರುಚಿದೆನೋ ನೆನಪಿಲ್ಲ.

ಟಾಂಗಾದಲ್ಲಿ ದವಾಖಾನೆಗೆ ಹೋಗುವಷ್ಟರಲ್ಲಿ ಉಸಿರಿನಲ್ಲಿ ಗೊರಗೊರ ಸದ್ದು ಶುರುವಾಗಿತ್ತು. ಡಾಕ್ಟರು ಕೇಳಿದರು, "ಏನಾತು?"

"ಹಾಲು ನೆತ್ತಿಗೇರೇದರಿ," ಅಂದಳು ಅವ್ವ. ಅಲ್ಲಿಯೂ! ಮೊಮ್ಮಗಳು ಸಾಯುತ್ತಿದ್ದಾಳೆ, ಪಕ್ಕದಲ್ಲಿ ಬೀಗಿತಿ ನಿಂತಿದ್ದಾಳೆ, ಅವ್ವನಿಗೆ ಬೀಗಿತಿಯೇ ಹೆಚ್ಚಾದಳು.

ಟಾಂಗಾದ ಹಿಂದೆ ಬರಿಗಾಲಲ್ಲಿ ಓಡಿ ಬಂದಿದ್ದ ಇಸಾಕಸಾಬ ಬಾಗಿಲಿನಿಂದ ಕೈ ಚಾಚಿದ. ಹಿಡಿಯೊಳಗೆ ಅದೇ ಹತ್ತಿ. "ಇದನ್ನ ಮೂಸಿ ನೋಡ್ರಿ ಸಾಹೇಬ್ರ."

ಆಗ ನಾನು ಬಾಯಿ ಬಿಟ್ಟೆ. "ತಗಣಿಗೆ ಹತ್ತೀ ಎಣ್ಣಿ ಹಚ್ಚೇವ್ರಿ. ಅದರ ಮ್ಯಾಲೇ ಮಲಗಿಸೇವಿ."

ಡಾಕ್ಟರು ಮತ್ತೊಂದು ಮಾತು ಕೇಳಲಿಲ್ಲ. ಅಂಗಿ ಕಿತ್ತೆಸೆದು, ಸಾಬೂನು ಹಚ್ಚಿ ಮೈ ತೊಳೆಸಿ, ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತು ಕಣ್ಣು ನೋಡುವುದು, ಮತ್ತೆ ಚುಚ್ಚುವುದು. ನಾನು ಗೋಡೆಗೆ ಆತು ಕೂತು ಅವಳ ಎದೆ ಏಳುವುದನ್ನೇ ಎಣಿಸುತ್ತಿದ್ದೆ. ಎರಡು ಸಲ ಎಣಿಕೆ ನಿಂತೇ ಹೋಯಿತು, ಎರಡು ಸಲವೂ ಡಾಕ್ಟರು ಬೆನ್ನು ತಟ್ಟಿ ಎಬ್ಬಿಸಿದರು. ಮಧ್ಯಾಹ್ನ ಕಳೆದು ನಾಲ್ಕಕ್ಕೆ ಮಗಳು ಅತ್ತಳು. "ನಿಜಾ ಹೇಳಿದ್ದಕ್ಕ ಉಳೀತು," ಅಂದರು ಡಾಕ್ಟರು. ಹೊರಗೆ ಬಂದು ನೋಡಿದೆ, ಇಸಾಕಸಾಬ ಇರಲಿಲ್ಲ. ಅಳು ಕೇಳಿಸಿದ ಮೇಲೆ ಎದ್ದು ಹೋದನಂತೆ.

ಅವ್ವ ಅವನನ್ನು ಕ್ಷಮಿಸಲಿಲ್ಲ. ಪಿಂಜಾರನೇ ತಗಣಿ ತಂದ, ಮೇಲೆ ಬೀಗರ ಮುಂದೆ ಮಾನ ಕಳೆದ ಎಂದು ಓಣಿಯ ತುಂಬ ಸಾರಿದಳು. ತಂದ ಎಂಬುದನ್ನು ಯಾರೂ ನಂಬಲಿಲ್ಲ. ಆದರೆ ಬಾಯಿ ಬಿಟ್ಟ ಎಂಬುದು ಎಲ್ಲರಿಗೂ ನಾಟಿತು. ಪ್ರತಿಯೊಬ್ಬಳಿಗೂ ತನ್ನ ಗಾದಿ ನೆನಪಾಯಿತು. ಒಂದೊಂದೇ ಬಾಗಿಲು ಅವನಿಗೆ ಮುಚ್ಚಿತು. ನಾನು ಅವ್ವನಿಗೆ ಎದುರಾಡದೆ ಹಾವೇರಿಗೆ ಹೋದೆ.

ಮುಂದಿನ ಜನವರಿಯಲ್ಲಿ ಹಾವೇರಿಯ ಮನೆಯ ಹೊರಸು ಬಿಸಿಲಿಗೆ ಹಾಕಿ ಬಡಿದೆ. ಸಂದಿಯಿಂದ ತಗಣಿ ಉದುರಿದವು. ಅತ್ತೆ ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಅಂದರು, "ಹಳೇವು. ಇಸಾಕಸಾಬ ವರ್ಷಾ ವರ್ಷಾ ಇಲ್ಲಿಗೂ ಬಂದು ಗಾದಿ ಹಿಂಜಿ ಕೊಡತಿದ್ದ. ಪಾಪ, ಆ ದಿನಾ ನನ್ನ ನೋಡಿದಾ, ಗುರುತು ಹತ್ತಿದಂಗೂ ತೋರಸಲಿಲ್ಲ."

ನನ್ನ ಮೈ ಉರಿಯಿತು. ಇವರ ಮನೆಯಲ್ಲೂ ಇವೆ ಎಂದು ಅವನು ಒಂದು ಮಾತು ಅಂದಿದ್ದರೆ ಅವ್ವನ ಬಾಯಿ ಅಲ್ಲೇ ಕಟ್ಟುತ್ತಿತ್ತು. ಕೂಸಿನ ಸಲುವಾಗಿ ಎಷ್ಟು ಬೇಕೋ ಅಷ್ಟನ್ನೇ ಆಡಿ, ತನ್ನನ್ನು ಉಳಿಸಿಕೊಳ್ಳಲು ಒಂದು ಮಾತೂ ಆಡದೆ ಬೈಸಿಕೊಂಡು ನಿಂತಿದ್ದ. "ನೀವರೆ ಅವತ್ತು ಯಾಕ ಸುಮ್ಮನ ಕೂತ್ರಿ?" ಎಂದು ಅತ್ತೆಯ ಮೇಲೆ ಮೊದಲ ಸಲ ದನಿ ಏರಿಸಿದೆ. ಮಗಳನ್ನು ಕಂಕುಳಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ರಾಣೇಬೆನ್ನೂರಿನ ಅವನ ಮನೆಯಲ್ಲಿ ಹೆಂಡತಿ ಮೈಮುನಾಬಿ ಒಬ್ಬಳೇ ಇದ್ದಳು. "ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲಾ ತುಂಬಾಕ ಹೊಕ್ಕಾರವ್ವ," ಅಂದಳು.

ಬ್ಯಾಡಗಿಯ ಪೇಟೆಯಲ್ಲಿ ಕಣ್ಣು ಬಿಡಲಾಗದಷ್ಟು ಘಾಟು. ಕೆಂಪು ರಾಶಿಗಳ ನಡುವೆ ಮೂಗಿಗೆ ಅರಿವೆ ಕಟ್ಟಿಕೊಂಡು ಅವನು ಕೆಮ್ಮುತ್ತ ಚೀಲ ತುಂಬುತ್ತಿದ್ದ. ಸುತ್ತ ಹತ್ತಾರು ಜನ ಇದ್ದರು. ನಾನು ಗಟ್ಟಿಯಾಗಿಯೇ ಹೇಳಿದೆ.

"ನಮ್ಮನ್ಯಾಗ ತಗಣಿ ಆಗ್ಯಾವು ಇಸಾಕಸಾಬ. ನೀನೇ ಬರಬೇಕು."

ಅವನು ನಕ್ಕ. "ಬಿಲ್ಲು ಮತ್ತೊಬ್ಬರಿಗೆ ಕೊಟ್ಟಬಿಟ್ಟೇನವ್ವ. ಇನ್ನ ಮ್ಯಾಲ ಆಗಂಗಿಲ್ಲ." ಆಮೇಲೆ ಅವನ ಕಣ್ಣು ಮಗಳ ಮೇಲೆ ಬಿತ್ತು. "ಇದ ಏನು ಆ ಕೂಸು?"

ನಾನು ಅವಳನ್ನು ಅವನ ಕಡೆ ಚಾಚಿದೆ. ಅವಳೂ ಗುರುತಿದ್ದವಳಂತೆ ಎರಡೂ ಕೈ ಮುಂದೆ ಮಾಡಿ ಬಾಗಿದಳು. ಇಸಾಕಸಾಬ ಕೈ ಎತ್ತಿದವನು ಅಲ್ಲಿಯೇ ತಡೆದು, ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡ.

"ಬ್ಯಾಡವ್ವ, ಕೈ ತುಂಬ ಖಾರ ಐತಿ. ಕೂಸಿನ ಕಣ್ಣಿಗೆ ಹತ್ತತೈತಿ," ಎಂದು ಎರಡು ಹೆಜ್ಜೆ ಹಿಂದೆ ಸರಿದ.